ಹಳೆಯ ಸೇತುವೆಯ ಮಟ್ಟ

ಮೂಡಲಪಾಳ್ಯದ ರಾಜಕಾಲುವೆಯ ದಡದಲ್ಲಿರುವ ಅಂಜನಮ್ಮನ ಹೂವಿನ ಅಂಗಡಿಯ ತಗಡಿನಡಿ ಆ ಸಂಜೆ ಮಳೆಗೆ ಸಿಕ್ಕಿದ ಒಂದಿಷ್ಟು ಮಂದಿ ಒತ್ತಿಕೊಂಡು ನಿಂತಿದ್ದರು. ಸೇತುವೆ ದಾಟಿದರೆ ಚಂದ್ರಾ ಲೇಔಟ್. ಕಾಲೇಜಿನ ಹುಡುಗಿಯೊಬ್ಬಳು ಬ್ಯಾಗನ್ನು ತಲೆಯ ಮೇಲಿಟ್ಟುಕೊಂಡು ಹೊರಟಾಗ ಮುದುಕಿ ಅಂಜನಮ್ಮ ಅವಳ ಕೈ ಹಿಡಿದಳು.

"ಮಳೆ ನಿಲ್ಲಲಿ ಕಣಮ್ಮ. ಇದನ್ನ ಕಟ್ಟಿಸಿದ ಇಂಜಿನಿಯರ್ ಶಶಿಕುಮಾರ್ ಸಾರೇ ಮಳೇಲಿ ಇದನ್ನ ದಾಟಲ್ಲ... ಯಾಕೆ ಗೊತ್ತಾ?"

ಹುಡುಗಿ ಬ್ಯಾಗ್ ಕೆಳಗಿಳಿಸಿದಳು. ಮುದುಕಿ ಹೇಳತೊಡಗಿದಳು.

"ಮೊದಲಿದ್ದ ಸೇತುವೆ ತೀರಾ ತಗ್ಗು. ಕೆಳಗಿನ ಕಂಡಿಗಳಿಗೆ ಕಸ ಕಟ್ಟಿಕೊಂಡ್ರೆ ನೀರು ಮೇಲೇ ಹರೀತಿತ್ತು. ನಮ್ಮ ಬೀದಿ ಮುತ್ತವ್ವ, ಆ ಕಡೆ ಟ್ಯೂಷನ್ನಿಗೆ ಹೋಗಿದ್ದ ಮಗಳು ಸ್ಪಂದನನ್ನ ಕರ್ಕೊಂಡು ಬರ್ತೀನಿ ಅಂತ ಛತ್ರಿ ಹಿಡಿದು ಹೊರಟವಳು, ಅಲ್ಲೇ ಕೊಚ್ಚಿಹೋದ್ಳು... ಕೆಂಗೇರಿ ಹತ್ರ ಸಿಕ್ಕಿದ್ಳು. ಮಗಳು ಟ್ಯೂಷನ್ ಮನೇಲೇ ಇದ್ದು ಉಳ್ಕೊಂಡ್ಳು.

ಎಷ್ಟೋ ವರ್ಷ ಆದ್ಮೇಲೆ ಸಾರ್ ಬಂದ್ರು. ಹಳೇದನ್ನ ಒಡೆಸಿ, ಕಾಲುವೆ ಅಗಲ ಮಾಡಿಸಿ, ಹೊಸ ಸೇತುವೇನ ಆಳೆತ್ತರ ಮೇಲಕ್ಕೆ ಎತ್ತೋ ಕೆಲಸ. ಒಡೆದು ಮುಗಿಸಿದ ದಿನವೇ ಮಳೆ. ಎರಡು ದಡದ ಮಧ್ಯೆ ಬರೀ ಗಾಳಿ, ಕೆಳಗೆ ಕೆನ್ನೀರು... ಆ ಗಾಳಿ ಮೇಲೆ ಒಬ್ಬಳು ಛತ್ರಿ ಹಿಡಿದು ನಡೀತಾ ಇದ್ಳು. 'ಅಮ್ಮಾ, ನಿಲ್ಲಿ, ಸೇತುವೆ ಇಲ್ಲ' ಅಂತ ಸಾರ್ ಹಿಂದೇನೇ ಓಡಿದ್ರು. ನಾನು ರೇನ್‌ಕೋಟ್ ಹಿಡಿದು ಎಳೀದೇ ಇದ್ದಿದ್ರೆ?

ಅವಳು ಯಾರು ಅಂತ ಹೇಳಿದೆ. ನಂಬಲಿಲ್ಲ. ಕೆಲಸ ಮುಗಿಸಿದ್ರು. ಮೊದಲನೇ ದೊಡ್ಡ ಮಳೆಗೆ ನೀರು ಹೇಗೆ ಹರೀತದೆ ನೋಡೋಣ ಅಂತ ಮೇಲೆ ನಿಂತಿದ್ರೆ, ಕಾಲಡಿ ಕಾಂಕ್ರೀಟಿಗೆ ಟಕ್... ಟಕ್... ಈ ತುದಿಯಿಂದ ಆ ತುದಿಗೆ. ಬಗ್ಗಿ ನೋಡ್ತಾರೆ, ಮುತ್ತವ್ವ ಹಳೇ ಸೇತುವೆ ಮಟ್ಟದಲ್ಲೇ ನಡೀತಾವ್ಳೆ, ಛತ್ರಿ ತುದಿ ಹೊಸ ಸೇತುವೆ ಅಡಿಗೆ ತಗಲ್ತಾ ಇದೆ. ಮುಖ ಎತ್ತಿ ಕೇಳಿದ್ಳಂತೆ, 'ಯಾಕಪ್ಪಾ, ದಾರೀನ ಇಷ್ಟು ಕತ್ತಲೆ ಮಾಡಿಬಿಟ್ರಿ?'"

ಅಂಜನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಸಾರ್ ಜ್ವರ ಬಂದು ಮಲಗಿದ್ರು. ಎದ್ದವರು ಮಾಡಿದ್ದೇನು? ಸ್ಪಂದನನ್ನ ಹುಡುಕಿ ಕರ್ಕೊಂಡು ಬಂದ್ರು. ಮದುವೆಯಾಗಿ ಜ್ಞಾನಭಾರತಿ ಕಡೆ ಇದಾಳೆ. ಮಳೇಲಿ ಆ ತುದೀಲಿ ನಿಂತು, 'ಅಮ್ಮಾ, ನಾನು ಆವತ್ತೇ ಮನೆ ಸೇರ್ಕೊಂಡೆ, ಇನ್ನು ನೀನು ಹೋಗು' ಅಂತ ಅತ್ತಳು. ಸದ್ದು ನಿಂತೋಯ್ತು. ಸಾರ್ ಕೈ ಮುಗಿದ್ರು."

ಹುಡುಗಿ ನಿಟ್ಟುಸಿರುಬಿಟ್ಟಳು. "ಹಾಗಾದ್ರೆ ಈಗ ಏನೂ ಇಲ್ವಲ್ಲ, ಅಜ್ಜಿ?"

ಮುದುಕಿ ಅವಳ ಕೈ ಬಿಡಲಿಲ್ಲ.

"ಈ ವರ್ಷ ಮತ್ತೆ ಶುರುವಾಗಿದೆ... ಈಗ ಮುತ್ತವ್ವ ಆ ಕಡೆಯಿಂದ ಈ ಕಡೆಗೆ ಬರ್ತಾಳೆ. 'ಕೈ ಬಿಡಬೇಡ ಕಂದಾ, ಮನೆ ಬಂತು' ಅಂತ ಮಾತಾಡಿಸ್ಕೊಂಡು ಬರ್ತಾಳೆ. 'ಹೂಂ' ಅನ್ನೋ ಮಗು ದನೀನೂ ಕೇಳ್ತದೆ. ಸ್ಪಂದನ ಚೆನ್ನಾಗಿದಾಳೆ, ಬೆಳಗ್ಗೆ ತಾನೇ ಫೋನ್ ಮಾಡಿದ್ಳು... ಮತ್ತೆ ಆ ಮಗು ಯಾರದು?"