ಎಡೆಗಿಟ್ಟ ಲ್ಯಾಪ್‌ಟಾಪ್

ಇದನ್ನು ನನಗೆ ಮೊದಲು ಹೇಳಿದವರು ಶಿಕಾರಿಪುರದಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವ ಹಬೀಬುಲ್ಲಾ ಸಾಹೇಬರು. ಐದು ಹೊತ್ತಿನ ನಮಾಜು ಬಿಡದ ಮನುಷ್ಯ, ಸುಳ್ಳು ಆಡುವವರಲ್ಲ. ಆಮೇಲೆ ನಾನೇ ಕುಪ್ಪಗಡ್ಡೆಗೆ ಹೋಗಿ ನನ್ನ ಚಿಕ್ಕಪ್ಪನ ಮಗ ಮಾಲತೇಶನನ್ನು ಕೇಳಿದೆ. ನಡೆದದ್ದು ಅವನ ಮನೆಯಲ್ಲೇ. ಅವನೂ ಇದನ್ನೇ ಹೇಳಿದ.

ಆ ರಾತ್ರಿ ಮಾಲತೇಶ ಶಿಕಾರಿಪುರದಿಂದ ಕೊನೇ ಬಸ್ಸಿಗೆ ಬಂದು ಕ್ರಾಸಿನಲ್ಲಿ ಇಳಿದ. ಅಲ್ಲಿಂದ ಊರಿಗೆ ನಡಿಗೆ. ಹೆಗಲಲ್ಲಿ ಲ್ಯಾಪ್‌ಟಾಪಿನ ಚೀಲ. ಹಬೀಬುಲ್ಲಾ ಅದಕ್ಕೆ ಹೊಸ ಬ್ಯಾಟರಿ ಹಾಕಿ, ನೂರಕ್ಕೆ ನೂರು ಚಾರ್ಜ್ ಮಾಡಿ, ಪೂರಾ ಆಫ್ ಮಾಡಿ ಕೊಟ್ಟಿದ್ದರು. ಹಾಳುಬಾವಿ ದಾಟುವಾಗ ಬೆನ್ನಿಗೆ ಬಿಸಿ ತಾಗಿತು. ನಿಂತ. ಚೀಲದೊಳಗೆ ಫ್ಯಾನು... ಸುಂಯ್... ಎಂದು ತಿರುಗುತ್ತಿತ್ತು.

ಆಫ್ ಮಾಡಿದ ಲ್ಯಾಪ್‌ಟಾಪು ಅದು.

ಬಾವಿಯ ಕಟ್ಟೆ ಮೇಲಿಟ್ಟು ತೆರೆದ. ಟುಣ್... ಎಂದಿತು. ಚಾರ್ಜ್ ಒಂಬತ್ತು.

"ಇವತ್ತೊಂದು ದಿನ ತಡಿ... ನಾಕು ತುತ್ತಿಗಾದ್ರೂ ಸಾಕು..." ಎಂದು ಪಿಸುಗುಟ್ಟಿದ. ಅದನ್ನು ಎದೆಗವಚಿಕೊಂಡು ಓಡಿದ. ಹೆದರಿ ಓಡಿದ್ದಲ್ಲ. ಮನೆಯಲ್ಲಿ ನಾಲ್ಕು ವರ್ಷದ ಮಗಳು ಮೈತ್ರಿ ಬೆಳಗಿನಿಂದ ಉಂಡಿರಲಿಲ್ಲ.

ಮಾಲತೇಶನ ಹೆಂಡತಿ ಅತಿಥಿ ಶಿಕ್ಷಕಿಯಾಗಿದ್ದಳು. ಮಕ್ಕಳಿಗೆ ಪಾಠಗಳನ್ನು ಆ ಲ್ಯಾಪ್‌ಟಾಪಿನಲ್ಲೇ ರೆಕಾರ್ಡ್ ಮಾಡುತ್ತಿದ್ದಳು. ಹೀಗೇ ಒಂದು ದಿನ ಮಗುವಿಗೆ ತುತ್ತು ಕೊಡುತ್ತ ಹಾಡಿದ್ದೂ ಅದರಲ್ಲಿ ಉಳಿದಿತ್ತು. ಹೋದ ವರ್ಷ ಜ್ವರ ತಲೆಗೇರಿ ತೀರಿಕೊಂಡಳು. ಅವಳ ಹೆಸರು ನಾನು ಹೇಳುವುದಿಲ್ಲ. ಕಾರಣ ನಿಮಗೇ ತಿಳಿಯುತ್ತದೆ.

ತಾಯಿ ಹೋದ ಮೇಲೆ, ಆ ಹಾಡು ಹಾಕಿದರೆ ಮಾತ್ರ ಮಗು ಬಾಯಿ ತೆರೆಯುತ್ತಿತ್ತು. ಹಾಡು ನಿಂತರೆ ಬಾಯಿ ಮುಚ್ಚುತ್ತಿತ್ತು. ಒಂದು ವರ್ಷ ಹೀಗೇ ಸಾಗಿತು. ಈ ಸಲದ ಮಹಾಲಯ ಅಮಾವಾಸ್ಯೆ ಕಳೆದದ್ದೇ ತಡ, ಚಾರ್ಜ್ ಇಳಿಯತೊಡಗಿತು. ಮೊದಲು ಒಂದು ಗಂಟೆ ಬರುತ್ತಿತ್ತು. ಆಮೇಲೆ ಕಾಲು ಗಂಟೆ. ಆಮೇಲೆ ಮೂರೇ ತುತ್ತು. ಚಾರ್ಜರ್ ಸಿಕ್ಕಿಸಿಟ್ಟರೂ ಏರುವುದಕ್ಕಿಂತ ಬೇಗ ಇಳಿಯುತ್ತಿತ್ತು. ಹಾಡನ್ನು ಫೋನಿಗೆ, ಪೆನ್‌ಡ್ರೈವಿಗೆ ಹಾಕಿ ನೋಡಿದರು. ಅಲ್ಲಿ ಕೇಳಿದ್ದು ಬರೀ... ಸ್ಸ್ಸ್... ಉಸಿರಿನಂಥದ್ದು.

ಹಾಗೆ ಓಡಿ ಬಂದ ರಾತ್ರಿಯ ಮರುದಿನ ಮತ್ತೆ ಹಬೀಬುಲ್ಲಾರ ಅಂಗಡಿ.

"ನೋಡ್ರೀ ಮಾಲತೇಶಣ್ಣ, ಪರದೆ ಬೆಳಕು ಇಳಿಸೀನಿ. ತಾನಾಗೇ ಶುರು ಆಗೋ ಪ್ರೋಗ್ರಾಮ್ ಎಲ್ಲಾ ಬಂದ್ ಮಾಡೀನಿ. ಫ್ಯಾನಿನ ಧೂಳು ಊದೀನಿ. ನನ್ನ ಅಂಗಡ್ಯಾಗ ನಾಕು ತಾಸು ಬರ್ತೈತಿ. ನಿಮ್ಮನ್ಯಾಗ ಯಾಕ ಬರಲ್ಲ?"

"ಮಗು ಹನ್ನೊಂದು ಕೆ.ಜಿ.ಗೆ ಇಳ್ದಿದೆ ಸಾಹೇಬ್ರೆ. ಹೀಗೇ ಆದ್ರೆ ಮೂಗಿಗೆ ನಳಿಗೆ ಹಾಕ್ಬೇಕು ಅಂದ್ರು ಸೊರಬದ ಡಾಕ್ಟ್ರು. ನಿಮ್ಮ ಕಾಲಿಗೆ ಬೀಳ್ತೀನಿ, ಎಂತಾದ್ರೂ ಮಾಡಿ."

"ಛೇ, ಕಾಲು ಬಿಡ್ರೀ." ಹಬೀಬುಲ್ಲಾ ದನಿ ತಗ್ಗಿಸಿದರು. "ಯಾವ ಪ್ರೋಗ್ರಾಮು ಎಷ್ಟು ಚಾರ್ಜ್ ತಿಂತೈತಿ ಅಂತ ಇದ್ರಾಗ ಒಂದು ಪಟ್ಟಿ ಐತಿ. ನೋಡ್ರೀ, ಎಲ್ಲಾ ಸೊನ್ನೆ. ಆದ್ರೂ ಏನೋ ತಿಂತಾ ಐತಿ... ಹಿರಿಯರ ಹಬ್ಬ ಆದಮ್ಯಾಗ ಶುರು ಆತು ಅಂದ್ರಲ್ಲ, ಆ ದಿನ ಇದನ್ನ ಎಲ್ಲಿ ಇಟ್ಟಿದ್ರಿ?"

ಮಾಲತೇಶ ಲ್ಯಾಪ್‌ಟಾಪಿನ ಮುಚ್ಚಳ ಮೆಲ್ಲಗೆ ಮುಚ್ಚಿದ. ಆಮೇಲೆ ಹೇಳಿದ.

"ಎಡೇಲಿ."

ನಮ್ಮ ಮನೆತನದಲ್ಲಿ ಹಿರಿಯರ ಹಬ್ಬಕ್ಕೆ ತೀರಿಕೊಂಡವರಿಗೆ ಇಷ್ಟವಾದ ಅಡಿಗೆ ಬಡಿಸಿ, ಅವರು ಬಳಸಿದ ವಸ್ತು ಪಕ್ಕದಲ್ಲಿಟ್ಟು ಬಾಗಿಲು ಮುಚ್ಚುತ್ತೇವೆ. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಹೊರಗೆ ಸುಮ್ಮನೆ ನಿಲ್ಲಬೇಕು. ಆಮೇಲೆ ಚಿಲಕ ಬಡಿದು ಒಳಗೆ ಹೋಗಬೇಕು. ಆ ಹೊತ್ತಿನಲ್ಲಿ ಸತ್ತವರ ಹೆಸರು ಹಿಡಿಯಬಾರದು. ಹಿಡಿದರೆ ಬಂದವರಿಗೆ ಹಿಂದಿರುಗುವ ದಾರಿ ಸಿಕ್ಕುವುದಿಲ್ಲ.

ಮಾಲತೇಶ ಹಿಡಿದಿದ್ದ. ಮುಚ್ಚಿದ ಬಾಗಿಲಿಗೆ ಹಣೆಯಿಟ್ಟು, ಹೆಸರು ಕರೆದು, "ಹೋಗಬೇಡ, ಇದರಲ್ಲೇ ಇರು" ಎಂದಿದ್ದ.

ಮನೆಗೆ ಬಂದು ಹೇಳಿದಾಗ ನಮ್ಮ ದೊಡ್ಡಮ್ಮ ತಾಯಮ್ಮ ತಲೆ ಚಚ್ಚಿಕೊಂಡಳು.

"ಎಂತ ಮಾಡ್ದೆ ಮಾರಾಯ! ಉಣ್ಣೋಕೆ ಬಂದೋಳನ್ನ ಕಟ್ಟಿ ಹಾಕ್ದೆ. ಅವಳಿಗೂ ಹಸಿವಾಗಲ್ವನೋ... ಇದ್ದಲ್ಲಿ ಸಿಕ್ಕಿದ್ದನ್ನ ತಿಂತಾಳೆ."

"ಕಳ್ಸಿದ್ರೆ ಹಾಡೂ ಹೋಗ್ತದೆ ದೊಡ್ಡಮ್ಮ. ಮಗು ಹೆಂಗೆ ಉಣ್ತದೆ?"

"ಈಗೆಂತ ಉಣ್ತಾ ಇದೆ ಹೇಳು?"

ಇನ್ನೊಮ್ಮೆ ಎಡೆಯಿಟ್ಟು ಅವಳನ್ನು ಕಳಿಸಿಕೊಡಲು ಅವನು ಒಪ್ಪಿದ.

ದೀಪಾವಳಿ ಅಮಾವಾಸ್ಯೆಯ ಮುಸ್ಸಂಜೆ ಮತ್ತೆ ಎಡೆ ಬಡಿಸಿದರು. ಹಬೀಬುಲ್ಲಾ ತಾವಾಗಿಯೇ ಬಂದರು. ತಿರುಪು ಬಿಚ್ಚಿ, ಬ್ಯಾಟರಿ ತೆಗೆದು ತಮ್ಮ ಅಂಗೈಯಲ್ಲಿ ಹಿಡಿದುಕೊಂಡರು. "ನನ್ನ ಕೈಲಿ ಬಿಚ್ಚಾಕೆ ಆಗೋದು ಇಷ್ಟೇ ಅಣ್ಣ" ಎಂದರು. ಚಾರ್ಜರೂ ಇಲ್ಲದ ಆ ಲ್ಯಾಪ್‌ಟಾಪನ್ನು ಎಲೆಯ ಪಕ್ಕ ಇಟ್ಟು ಬಾಗಿಲು ಮುಚ್ಚಿದರು. ಎಲ್ಲರೂ ಜಗಲಿಯಲ್ಲಿ ನಿಂತರು. ಮಗು ದೊಡ್ಡಮ್ಮನ ಸೊಂಟದ ಮೇಲೆ, ಕಡ್ಡಿಯ ಹಾಗೆ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ... ಸುಂಯ್...

ಆಮೇಲೆ ಹಾಡು.

ಹಬೀಬುಲ್ಲಾ ತಮ್ಮ ಅಂಗೈ ನೋಡಿಕೊಂಡರು. ಬ್ಯಾಟರಿ ಅಲ್ಲೇ ಇತ್ತು. ಮಗು ಬಾಯಿ ತೆರೆಯಿತು.

ಮಾಲತೇಶ ಬಾಗಿಲಿಗೆ ಬಾಯಿಟ್ಟ. ಈ ಸಲ ಹೆಸರು ಹಿಡಿಯಲಿಲ್ಲ. "ಉಂಡು ಹೋಗು ಮಾರಾಯ್ತಿ... ನಾನಿದೀನಿ. ನಾನೇ ಉಣ್ಣಿಸ್ತೀನಿ. ಹೋಗು..." ಎಂದ.

ಹಾಡು ಅರ್ಧ ಸಾಲಿಗೆ ನಿಂತಿತು.

ಚಿಲಕ ಬಡಿದು ಒಳಗೆ ಹೋದರು. ಲ್ಯಾಪ್‌ಟಾಪು ನೆಲದಷ್ಟು ತಣ್ಣಗಿತ್ತು. ಮಾಲತೇಶ ಎಡೆಯ ಅನ್ನವನ್ನೇ ಕಲಸಿ ಮಗುವಿನ ಮುಂದೆ ಹಿಡಿದು, ತನ್ನ ಒಡಕು ದನಿಯಲ್ಲಿ ತಾನೇ ಹಾಡಿದ. ಮಗು ಬಾಯಿ ಬಿಗಿದುಕೊಂಡಿತು. ಮತ್ತೆ ಹಾಡಿದ. ಬಿಗಿದುಕೊಂಡೇ ಇತ್ತು. ಮೂರನೇ ಸಲಕ್ಕೆ ಅವನ ಕಣ್ಣೀರು ಅನ್ನಕ್ಕೆ ಬೀಳುತ್ತಿತ್ತು.

"ಅಪ್ಪ... ನೀ ತಪ್ಪು ಹೇಳ್ತೀ" ಎಂದಿತು ಮಗು. ಹಾಗೆ ಹೇಳಲು ತೆರೆದ ಬಾಯಿಗೆ ತುತ್ತು ಹೋಯಿತು. ನುಂಗಿತು. ಇನ್ನೊಂದಕ್ಕೆ ತಾನೇ ಬಾಯಿ ತೆರೆಯಿತು.

ಆ ಲ್ಯಾಪ್‌ಟಾಪು ಈಗಲೂ ಅವರ ಮನೆಯಲ್ಲಿದೆ, ನಾಲ್ಕು ಗಂಟೆ ಸಲೀಸಾಗಿ ಬರುತ್ತದೆ. ಹಾಡು ಹಾಕಿದರೆ ಮಾತ್ರ ಸದ್ದಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ರಾತ್ರಿ ಹೊತ್ತು ಉಗುರು ತೆಗೆಯುವುದಿಲ್ಲ. ಆ ಎಡೆಯ ಮರುದಿನ ಬೆಳಿಗ್ಗೆ ಮಗು ಎದ್ದಾಗ ಅದರ ಹತ್ತೂ ಬೆರಳಿನ ಉಗುರು, ತಾಯಿ ಇದ್ದಾಗ ತೆಗೆಯುತ್ತಿದ್ದ ಹಾಗೇ, ನೀಟಾಗಿ ತೆಗೆದಿತ್ತು. ಮನೆಯಲ್ಲಿ ಯಾರೂ ತೆಗೆದಿರಲಿಲ್ಲ. ಉಗುರಿನ ಚೂರು ಎಲ್ಲೂ ಸಿಕ್ಕಲಿಲ್ಲ. ನಾನು ಹೋದದ್ದು ಮೂರನೇ ದಿನ. ಆ ಬೆರಳುಗಳನ್ನು ನನ್ನ ಕೈಯಲ್ಲಿ ಹಿಡಿದು ನೋಡಿದ್ದೇನೆ. ಚಂದ್ರಗುತ್ತಿ ಅಮ್ಮನ ಆಣೆ, ಇದು ನಡೆದದ್ದು.

ಕೇಳಿದವರು ಇದನ್ನು ಇನ್ನೊಬ್ಬರಿಗೆ ಹೇಳಿ. ತೀರಿಕೊಂಡವರ ದನಿ ಎತ್ತಿಟ್ಟುಕೊಂಡ ಮನೆಗಳು ಈಗ ಬಹಳ ಇವೆ.