ಬಾಗಿನ ಬಿಟ್ಟ ಮೆಟ್ಟಿಲು

ಜಾವಗಲ್ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ನಡುವಯಸ್ಸಿನವನೂ ಒಬ್ಬ ಹಿರಿಯ ಹೆಂಗಸೂ ಕೂತಿದ್ದರು.

"ಕೆರೆಗೆ ಜಾಗ ಬಿಟ್ಟು ಕಟ್ಟು ಅಂದ್ರೆ ನಮ್ಮ ಅರ್ಧ ಮನೆ ಬೀದಿಗೇ ಬತ್ತದೆ, ಕಮಲಾಕ್ಷಮ್ಮ. ಹಳೇ ಪಾಯದ ಮೇಲೇ ಕಟ್ತೀನಿ ಅಂತ ಕೇಳ್ತೀನಿ. ಪಕ್ಕದ ಮನೆಯವ್ರು ನೀವು, 'ಅಲ್ಲೀಗಂಟ ನೀರು ಬರಾಕಿಲ್ಲ' ಅಂತ ಅರಸೀಕೆರೆ ತಾಲ್ಲೂಕಾಫೀಸಿನ ಸಾಹೇಬ್ರಿಗೆ ಒಂದು ಮಾತು ಹೇಳಿ."

"ಹೇಳ್ತೀನಿ ಇಂದ್ರೇಶ. ಕೆರೆ ತುಂಬಿದಾಗ ಬಾಗಿನ ಎಲ್ಲಿಂದ ಬಿಟ್ರಿ ಅಂತ ಕೇಳಿದ್ರೆ?"

"ಏರಿ ಮೇಲಿಂದ ಅನ್ನಿ."

"ನಿಮ್ಮ ಹಿತ್ಲು ಮೆಟ್ಲ ಮೇಲೆ ನಿಂತಲ್ವೇನಪ್ಪ ಬಿಟ್ಟಿದ್ದು? ನಿನ್ನ ಹೆಂಡ್ತಿ ಸೀರೆ ನೆರಿಗೆಯೆಲ್ಲ ನೆಂದಿತ್ತು. ಗಂಗಮ್ಮನ ವಿಷ್ಯದಲ್ಲಿ ನಾನು ಸುಳ್ಳು ಹೇಳಾಕಿಲ್ಲ."

ಅರಸೀಕೆರೆ ಬಸ್ಸು ಬಂತು.

"ನೀವು ಮನೆಗೆ ಹೋಗಿ. ನಾನೊಬ್ನೇ ಹೋಗ್ಬತ್ತೀನಿ."

ಆಕೆ ಆಗಲೇ ಬಸ್ಸು ಹತ್ತಿದ್ದರು.

"ಹೆಂಗಸ್ರಿಗೆ ಬಸ್ಸು ಫ್ರೀ ಐತೆ, ನಿಂಗೇನು ಖರ್ಚು? ಬಾ, ಸೀಟು ಹಿಡ್ದಿದೀನಿ."