ಅತಿಥಿ ತೊಳೆದಿಟ್ಟ ತೊಟ್ಟಿ

2018ರ ಜುಲೈ 11, ಬೆಳಿಗ್ಗೆ 8.10. ಜಪಾನಿನ ತೊಟ್ಟೋರಿ ಎಂಬ ಊರಿನ ಬಸ್ ನಿಲ್ದಾಣದಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರು ನಿಂತಿದ್ದರು. ಪ್ರವಾಸಕ್ಕೆ ಬಂದ ವಿದೇಶಿ ವಿದ್ಯಾರ್ಥಿಗಳು ಇವರ ಮನೆಗಳಲ್ಲಿ ಉಳಿದುಕೊಂಡಿದ್ದರು. ಇಲ್ಲಿ ಮೊದಲು ಹೊರಗೆ ಮೈ ತೊಳೆದುಕೊಂಡು, ಆಮೇಲೆ ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ತೊಟ್ಟಿಯ ಅದೇ ಬಿಸಿನೀರಿನಲ್ಲಿ ಕೂರುವುದು ರೂಢಿ.

“ಅತಿಥಿ ಅಂತ ನಮ್ಮನೇಲಿರೋ ಹುಡುಗಿಗೆ ಮೊದಲ ಸ್ನಾನ ಬಿಟ್ಕೊಡ್ತೀನಿ, ನಾಗಾಸೆಯವರೇ. ಅವಳು ಸ್ನಾನ ಮುಗಿಸಿ, ಮನೆಮಂದಿಯೆಲ್ಲ ಇಳಿಯೋ ಬಿಸಿನೀರು ಪೂರ್ತಿ ಹೊರಗೆ ಬಿಟ್ಟು, ತೊಟ್ಟಿ ಫಳಫಳ ತೊಳೆದಿಡ್ತಾಳೆ.”

“ಹೇಳ್ಬಾರ್ದಾ?”

“ಅಷ್ಟು ಖುಷಿಯಿಂದ ಕರೆದು ತೋರಿಸ್ತಾಳೆ. ಮತ್ತೆ ತುಂಬಿಸಿದ್ರೆ ಸದ್ದಿಗೇ ಗೊತ್ತಾಗಿ ನೊಂದ್ಕೋತಾಳೆ. ಅವಳು ಬಂದಾಗಿಂದ ಮಾವನವರಿಗೆ ಸ್ನಾನ ಇಲ್ಲ, ಸೊಂಟನೋವು ಬೇರೆ.”

“ಎಲ್ಲರಿಗೂ ಒಂದೇ ನೀರು ಅಂತ ನಮ್ಮನೇಲಿರೋ ಹುಡುಗನಿಗೆ ನಾನು ಹೇಳ್ದೆ ನೋಡಿ. ಅವತ್ತಿಂದ ಸ್ನಾನಾನೇ ಬಿಟ್ಟಿದ್ದಾನೆ.”

“ಹಾಗಾದ್ರೆ ನಿಮ್ಮನೇಲಿ ನೀರು ಉಳಿಯುತ್ತೆ.”

“ಉಳಿಯುತ್ತೆ. ಮಾವನವರನ್ನ ಕಳಿಸಿ.”

“ಹುಡುಗಿಗೆ ಏನ್ ಹೇಳ್ಲಿ?”

“ವಾಕಿಂಗ್ ಹೋದ್ರು ಅನ್ನಿ. ಟವಲ್ ಮಾತ್ರ ಚೀಲದಲ್ಲಿ ಬಚ್ಚಿಟ್ಟು ಕೊಡಿ.”

ಬಸ್ ಬಂತು, ಇಬ್ಬರೂ ಹತ್ತಿದರು. ಇಂಥ ಸ್ನಾನದ ತೊಟ್ಟಿಗೆ ಒಂದು ಸಲಕ್ಕೆ ಸುಮಾರು 200 ಲೀಟರ್ ನೀರು ಹಿಡಿಯುತ್ತದೆ.